ನಮ್ಮಪ್ಪ ಅಂದರೆ ಎಷ್ಟು ಜನರ ಅಪ್ಪ?

ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮನುಷ್ಯ ನಮ್ಮ ಕಡೆಯವರಿಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಗದಗಿನ ನಮ್ಮ ಮನೆಯಲ್ಲಿ ಯಾರಾದರೂ ‘ನಾನು ಹಂಗ ಮಾಡಿದೆ, ನಾನು ಹಿಂಗ ಮಾಡಿದೆ’ ಎಂದು ಶುರು ಮಾಡಿದರೆ ಸಾಕು, ನಮ್ಮವ್ವ ‘ಬಾಯಾಗಿನ ನಾನು ತಗದು ಮಾತಾಡಪಾ’ ಎನ್ನುತ್ತಿದ್ದಳು. ನಮ್ಮ ಭಾಷೆಯೂ ಇದಕ್ಕೆ ಬಹಳ ಅನುಕೂಲವಾಗಿದೆ. ‘ಬಂದೆ’, ‘ಹೋದೆ’ ಎಂದರೆ ಮುಗಿಯಿತು, ‘ನಾನು’ ಬೇಕೇ ಇಲ್ಲ. ಕೈಜಾರಿ ಗ್ಲಾಸು ಬಿದ್ದರೆ ‘ಒಡೀತು’ ಅನ್ನುತ್ತೇವೆ, ಒಡೆದವರು ಯಾರೂ ಇರುವುದಿಲ್ಲ. ನನಗೆ ಅಣ್ಣ ತಮ್ಮ ಅಕ್ಕ ತಂಗಿ ಯಾರೂ ಇಲ್ಲ, ಆದರೂ ನನ್ನ ಅಪ್ಪ ಜೀವನಪೂರ್ತಿ ‘ನಮ್ಮಪ್ಪ’ನೇ ಆಗಿದ್ದ. ಇದರ ಮೇಲೆ ನನಗೆ ಸಿಕ್ಕದ್ದು ನಾಗಪುರದಲ್ಲಿ ಸರ್ಕಾರಿ ನೌಕರಿ. ಅಲ್ಲಿ ಕಡತದ ಮೇಲೆ ಯಾರೂ ‘ನಾನು ನೋಡಿದೆ, ನಾನು ಕಳಿಸಿದೆ’ ಎಂದು ಬರೆಯುವುದಿಲ್ಲ. ‘ದೇಖಾ ಗಯಾ’, ‘ಪ್ರಸ್ತುತ್ ಕಿಯಾ ಜಾತಾ ಹೈ’ ಎಂದು ಬರೆಯುತ್ತಾರೆ, ಅಂದರೆ ನೋಡಲಾಯಿತು, ಮಂಡಿಸಲಾಗಿದೆ. ‘ನಾನು’ ಎಂದು ಬರೆದವನ ಮನೆಗೆ ನಾಳೆ ವಿಚಾರಣೆಯ ನೋಟೀಸು ಬರುತ್ತದೆ. ಹೀಗಾಗಿ ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ನನ್ನೊಳಗೆ ‘ನಾನು’ ಎಂಬುದು ಲವಲೇಶವೂ ಉಳಿದಿರಲಿಲ್ಲ. ಈ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಮಗಳು ಅಶ್ವಿನಿಯ ಕ್ಯಾಂಪಸ್ ಇಂಟರ್‌ವ್ಯೂನಿಂದ. ನಮಗೆ ಇರುವವಳು ಅವಳೊಬ್ಬಳೇ. ಇಲ್ಲಿಯೇ ನಾಗಪುರದ ಕಾಲೇಜೊಂದರಲ್ಲಿ ಎಂಬಿಎ ಕೊನೆಯ ವರ್ಷ. ಮುಂಬೈಯಿಂದ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರು ಕಾಲೇಜಿಗೆ ಬರುತ್ತಾರಂತೆ, ಇವಳ ಹೆಸರು ಇಂಟರ್‌ವ್ಯೂ ಪಟ್ಟಿಯಲ್ಲಿ ಬಂದಿದೆಯಂತೆ. ಬ್ಯಾಂಕು ಎಂದ ಕೂಡಲೇ ನನಗೆ ಆನಂದವಾಯಿತು. ‘ಚಲೋ ಆತು ನೋಡು, ಪಾಸ್‌ಬುಕ್ ತುಂಬಿಸಿಕೊಳ್ಳಾಕ ಇನ್ನ ಸಾಲಾಗ ನಿಲ್ಲೂದು ತಪ್ಪತೈತಿ’ ಎಂದೆ. ಅಶ್ವಿನಿ ಹಣೆ ಹಣೆ ಬಡಿದುಕೊಂಡಳು. ‘ಅಪ್ಪಾ, ಅಲ್ಲಿ ಪಾಸ್‌ಬುಕ್ ಇರಂಗಿಲ್ಲ. ಒಂದು ಕಂಪನಿ ಇನ್ನೊಂದು ಕಂಪನೀನ ತಗೋಬೇಕಂದ್ರ ಇವರು ಇಬ್ಬರ ನಡುವ ಕುಂತು ಮಾತಾಡಿ ಜೋಡಿಸತಾರ. ಇಬ್ಬರ ಆಸ್ತಿ ಎಷ್ಟು, ಸಾಲ ಎಷ್ಟು, ಹೊಂದತೈತೋ ಇಲ್ಲೋ ಎಲ್ಲಾ ನೋಡತಾರ’ ಎಂದು ವಿವರಿಸಿದಳು. ಒಳಗಿನಿಂದ ನನ್ನ ಹೆಂಡತಿ ಸುಮಂಗಲಾ, ‘ಅಂದ್ರ ಗಂಡು-ಹೆಣ್ಣು ಜೋಡಸೂ ಕೆಲಸ ಅನ್ನು. ನಮ್ಮ ಸೋದರತ್ತಿ ಇದನ್ನ ಒಂದು ಕಪ್ ಚಹಾದ ಮ್ಯಾಲ ಮಾಡತಿದ್ದಳು’ ಎಂದಳು. ಇದಕ್ಕೆ ಎಂಬಿಎ ಯಾಕೆ ಬೇಕು ಎಂಬುದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಕಾಲೇಜಿನಲ್ಲಿ ತಾಲೀಮಿನ ಇಂಟರ್‌ವ್ಯೂ ಇತ್ತು. ಸಂಜೆ ಅಶ್ವಿನಿ ಮುಖ ಊದಿಸಿಕೊಂಡು ಬಂದಳು. ಮಕ್ಕಳನ್ನು ನೌಕರಿಗೆ ತಯಾರು ಮಾಡುವುದಕ್ಕೆಂದೇ ಇರುವ ಪ್ಲೇಸ್‌ಮೆಂಟ್ ಮೇಡಂ ಇವಳನ್ನು ಎಲ್ಲರೆದುರು ನಿಲ್ಲಿಸಿ ಬೆವರಿಳಿಸಿದ್ದರಂತೆ. ‘ನಿನ್ನ ಬಗ್ಗೆ ಹೇಳು’ ಎಂದದ್ದಕ್ಕೆ ಇವಳು ಇಂಗ್ಲಿಷಿನಲ್ಲಿ, ‘ನಮ್ಮ ಅಪ್ಪ ಸರ್ಕಾರಿ ನೌಕರ, ನಮ್ಮ ಮನೆ ಬಜಾಜ್ ನಗರದಲ್ಲಿದೆ, ನಾವು ಒಂದು ಪ್ರಾಜೆಕ್ಟ್ ಮಾಡಿದೆವು’ ಎಂದಿದ್ದಾಳೆ. ಮೇಡಂ ‘ಎಷ್ಟು ಜನ ಅಕ್ಕತಂಗಿಯರು?’ ಎಂದು ಕೇಳಿದರು. ‘ನಾನೊಬ್ಬಳೇ.’ ‘ಹಾಗಾದರೆ ನಿಮ್ಮಪ್ಪ ಎಷ್ಟು ಜನರಿಗೆ ಅಪ್ಪ?’ ಇಡೀ ಕ್ಲಾಸು ಹೋ ಎಂದು ನಕ್ಕಿತಂತೆ. ‘ಅರೆ ಬೇಟಾ, ಯೆ ‘ಹಮ್’ ಹೈ ಕೌನ್? ಈ ‘ನಾವು’ ಅಂದರೆ ಯಾರು? ನಾಳೆ ಮುಂಬೈಯಲ್ಲಿ ಕುರ್ಚಿಯ ಮೇಲೆ ನೀನು ಕೂಡುತ್ತೀಯೋ, ಖಾನ್‌ದಾನ್ ಎಲ್ಲ ಕೂಡುತ್ತದೋ? ಬ್ಯಾಂಕಿನವರು ‘ನಾವು’ಗೆ ಕೆಲಸ ಕೊಡುವುದಿಲ್ಲ, ‘ನಾನು’ಗೆ ಕೊಡುತ್ತಾರೆ. ಇಂಟರ್‌ವ್ಯೂ ತನಕ ಮನೆಯಲ್ಲೂ ‘ನಾನು’ ಎಂದೇ ಮಾತಾಡು’ ಎಂದು ಅಪ್ಪಣೆ ಮಾಡಿದರಂತೆ.

ಹಾಗೆ ನಮ್ಮ ಮನೆಗೆ ‘ನಾನು’ ಕಾಲಿಟ್ಟಿತು. ಅದು ಸಾಂಕ್ರಾಮಿಕವೆಂದು ಮೇಡಂ ಹೇಳಿರಲಿಲ್ಲ. ಮೊದಲ ದಿನವೇ ಗ್ಲಾಸು ಒಡೆಯಿತು. ಅಶ್ವಿನಿ ಎದ್ದು ನಿಂತು, ‘ನಾನು ಗ್ಲಾಸ್ ಒಡದೆ. ಇದರಿಂದ ನಾನು ಕಲಿತದ್ದು ಏನಂದ್ರ…’ ಎಂದು ಶುರು ಮಾಡಿದಳು. ‘ಕಲತದ್ದು ಆಮ್ಯಾಲ ಹೇಳುವಂತಿ, ಮೊದಲ ಕಸಬರಿಗಿ ತಗೊಂಬಾ’ ಎಂದು ಅವಳವ್ವ ಗದರಿಸಿದಳು. ಆದರೆ ಆ ಹೊತ್ತಿಗೇ ರೋಗ ಅಂಟಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಸುಮಂಗಲಾ ‘ಚಪಾತಿ ಆಗ್ಯಾವ’ ಎನ್ನಲಿಲ್ಲ. ‘ನಾನು ಚಪಾತಿ ಮಾಡೇನಿ’ ಎಂದಳು. ನನ್ನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಮದುವೆಯಾದಾಗಿನಿಂದ ಚಪಾತಿಗಳು ತಾವೇ ಆಗುತ್ತಿದ್ದವು, ಬಟ್ಟೆಗಳು ತಾವೇ ಒಣಗುತ್ತಿದ್ದವು. ಈಗ ಒಂದೊಂದಾಗಿ ಎಲ್ಲದರ ಹಿಂದಿನಿಂದ ಒಬ್ಬೊಬ್ಬ ಮನುಷ್ಯರು ಎದ್ದು ಬರತೊಡಗಿದರು. ಒಂದು ವಿಚಿತ್ರವೆಂದರೆ, ಆ ಮನುಷ್ಯರಲ್ಲಿ ನಾನು ಎಲ್ಲಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯಲ್ಲೇ ತಾಲೀಮು ಇಟ್ಟೆವು. ತರ್ರಿ ಎಂಬ ಖಾರದ ಸಾರು ಹಾಕಿದ ಅವಲಕ್ಕಿ ತಿಂದು, ಇಸ್ತ್ರಿ ಅಂಗಿ ತೊಟ್ಟು, ನಾನು ಪ್ಯಾನೆಲ್ಲಿನ ಅಧ್ಯಕ್ಷನಾಗಿ ದೊಡ್ಡ ಕುರ್ಚಿಯಲ್ಲಿ ಕುಳಿತೆ. ಸುಮಂಗಲಾ ಬೆಳ್ಳುಳ್ಳಿ ಸುಲಿಯುತ್ತ ಸದಸ್ಯೆಯಾದಳು. ಕೂಲರಿನ ಗದ್ದಲಕ್ಕೆ ಏನೂ ಕೇಳಿಸದೆ ಅದನ್ನು ಆರಿಸಿದೆವು, ಅಕ್ಟೋಬರಿನ ಬಿಸಿಲಿಗೆ ಪ್ಯಾನೆಲ್ ಬೆವರಿತು. ಮೇಡಂ ಕೊಟ್ಟಿದ್ದ ಪ್ರಶ್ನೆಗಳನ್ನು ನಾನು ಗಂಭೀರವಾಗಿ ಓದಿದೆ. ಬಡ್ಡಿ, ಷೇರು, ಕಂಪನಿಯ ಬೆಲೆ ಕಟ್ಟುವ ಲೆಕ್ಕ ಎಲ್ಲವನ್ನೂ ಹುಡುಗಿ ಪಟಪಟನೆ ಹೇಳಿದಳು. ನನಗೆ ಒಂದಕ್ಷರ ತಿಳಿಯದಿದ್ದರೂ ‘ಬರೋಬರ್’ ಎನ್ನುತ್ತಿದ್ದೆ. ಆಮೇಲಿನ ಪ್ರಶ್ನೆ ಹೀಗಿತ್ತು: ‘ನಿಮಗಿಂತ ದೊಡ್ಡ ಸ್ಥಾನದಲ್ಲಿರುವವರ ನಿರ್ಧಾರವನ್ನು ನೀವೊಬ್ಬರೇ ಬದಲಾಯಿಸಿದ ಪ್ರಸಂಗ ಹೇಳಿ.’

ಅಶ್ವಿನಿ ಬೆನ್ನು ನೆಟ್ಟಗೆ ಮಾಡಿ ಕೂತು ಶುರು ಮಾಡಿದಳು. ‘ನಾನು ಡಿಗ್ರಿ ಮೊದಲನೇ ವರ್ಷದಾಗ ಇದ್ದಾಗ ನನ್ನ ಅಪ್ಪಗ ಬಿಲಾಸಪುರಕ್ಕ ಟ್ರಾನ್ಸ್‌ಫರ್ ಆಗಿತ್ತು. ನಾನು ಒಬ್ಬಾಕಿನ ಅವನ ಸಾಹೇಬರ ಕಡೆ ಹೋಗಿ ಅದನ್ನ ಕ್ಯಾನ್ಸಲ್ ಮಾಡಿಸಿದೆ.’

ನಾನು ಹೌಹಾರಿಬಿಟ್ಟೆ! ಈ ವರ್ಗಾವಣೆಯ ಕಥೆ ನಿಮಗೆ ಹೇಳಲೇಬೇಕು. ಆ ಆದೇಶ ಬಂದಾಗ ನಾನು ಅನ್ನ ನೀರು ಬಿಟ್ಟಿದ್ದು ನಿಜ. ಹಾಗಿರುವಾಗ ಒಂದು ದಿನ ಸಾಹೇಬರು ಕರೆಸಿ, ಕಾಗದದಿಂದ ತಲೆಯೆತ್ತದೆ, ‘ಆಪ್ ಯಹೀಂ ಠೀಕ್ ಹೈಂ’ ಎಂದರು. ನೀವು ಇಲ್ಲಿಯೇ ಸರಿ. ಅಷ್ಟೇ ಮಾತು. ಅದಕ್ಕೆ ನಾನು ಮಾಡಿಕೊಂಡ ಅರ್ಥ, ‘ನಿಮ್ಮನ್ನು ಬಿಟ್ಟರೆ ಈ ಸೆಕ್ಷನ್ ನಡೆಯುವುದಿಲ್ಲ’ ಎಂದು. ಅಂದಿನಿಂದ ಹುಬ್ಬಳ್ಳಿಯ ಮದುವೆಗಳಲ್ಲಿ, ಬಿಜಾಪುರದ ಗೃಹಪ್ರವೇಶಗಳಲ್ಲಿ, ಕಾಮಠಿಯಲ್ಲಿರುವ ಷಡ್ಡಕನ ಮನೆಯಲ್ಲಿ ಈ ವಿಷಯ ಬಂದಾಗಲೆಲ್ಲ ‘ಕ್ಯಾನ್ಸಲ್ ಆತು’ ಎಂದು ಹೇಳಿ ಮೀಸೆಯೊಳಗೆ ನಗುತ್ತಿದ್ದೆ. ನಾನು ಮಾಡಿಸಿದೆ ಎಂದು ಒಮ್ಮೆಯೂ ಹೇಳಿದವನಲ್ಲ. ಆದರೆ ಆ ನಗುವಿನೊಳಗೆ ‘ನಾನು’ ಕಾಲು ಚಾಚಿ ಮಲಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

‘ಸುಳ್ಳ ಹೇಳಬ್ಯಾಡ’ ಎಂದೆ. ‘ಸುಳ್ಳಲ್ಲ ಅಪ್ಪಾ. ಮುಂಜಾನೆಯಿಂದ ಅವರ ಬಾಗಲ ಮುಂದಿನ ಬೆಂಚಿನ ಮ್ಯಾಲ ಕುಂತಿದ್ದೆ. ಮಧ್ಯಾಹ್ನದಾಗ ಒಳಗ ಕರದ್ರು.’ ‘ಕರದ್ರ? ಏನಂತ ಹೇಳಿದಿ ಅವರಿಗೆ?’ ಅಶ್ವಿನಿ ಅವ್ವನ ಮುಖ ನೋಡಿದಳು. ‘ಹೇಳು, ಪ್ಯಾನೆಲ್ ಕೇಳಾಕತ್ತೈತಲ್ಲ’ ಎಂದಳು ಅವಳವ್ವ. ಮಗಳು ಒಂದೇ ಉಸಿರಿಗೆ ಹೇಳಿದಳು: ‘ಸರ್, ನನ್ನ ಅಪ್ಪ ಇಲ್ಲಿ ತಪ್ಪು ಮಾಡಿದ್ರ ತಿದ್ದವರು ಅದಾರ. ಅವ ಕೂಡಿಸಿದ ಲೆಕ್ಕಾನ ಬಾಜೂದವರು ಸುಮ್ಮನ ಇನ್ನೊಮ್ಮೆ ಕೂಡಿಸತಾರ. ಬಿಲಾಸಪುರದ ಆಫೀಸ್ ಸಣ್ಣದು, ಅಲ್ಲಿ ಅವನ ಹಿಂದ ಯಾರೂ ಇಲ್ಲ. ಇಲ್ಲಿ ಆಗೂ ನುಕಸಾನ ನಿಮಗ ಗೊತ್ತಿರೂ ನುಕಸಾನ. ಅಲ್ಲಿ ಆಗೂದು ಎಷ್ಟಂತ ಯಾರಿಗೂ ಹೇಳಾಕ ಬರಂಗಿಲ್ಲ. ರಿಸ್ಕ್ ಯಾಕ ತಗೋತೀರಿ ಸರ್, ಅಂದೆ. ಅವರು ಹೊಟ್ಟೀ ಹಿಡಕೊಂಡು ನಕ್ಕು ಸಹಿ ಮಾಡಿದ್ರು.’

ದೇವರಾಣೆ, ನನ್ನ ಕಾಲ ಕೆಳಗಿನ ನೆಲ ಸರಿಯಿತು. ನನ್ನ ಲೆಕ್ಕವನ್ನು ಇನ್ನೊಬ್ಬರು ಕೂಡಿಸುತ್ತಾರೆಯೆ? ‘ಇದನ್ನ ಯಾರು ಹೇಳಿದ್ರು ನಿನಗ?’ ಎಂದು ಅರಚಿದೆ. ‘ಆಫೀಸಿನ ಪಿಕ್ನಿಕ್‌ದಾಗ ನಿನ್ನ ಬಾಜೂ ಮೇಜಿನ ಅಂಕಲ್ ಅವರ ಹೇಳಿದ್ರು. ಪಾಪ, ಪ್ರೀತಿಯಿಂದನ ಹೇಳಿದ್ರು.’ ನಾನು ಸದಸ್ಯೆಯ ಕಡೆ ತಿರುಗಿದೆ. ‘ನೋಡಿದೇನ, ನಿನ್ನ ಮಗಳ ಪ್ರತಾಪ? ನಿನಗರ ಗೊತ್ತಿತ್ತೇನು?’ ಸುಮಂಗಲಾ ಬೆಳ್ಳುಳ್ಳಿಯ ಸಿಪ್ಪೆ ಊದುತ್ತ, ‘ಗೊತ್ತಿರದೇನು? ಅಕೀನ್ನ ಕಳಿಸಿದಾಕಿ ನಾನು’ ಎಂದಳು. ಅಧ್ಯಕ್ಷರು ಪ್ಯಾನೆಲ್ ವಿಸರ್ಜಿಸಿ ಬಾಲ್ಕನಿಗೆ ಹೋಗಿ ನಿಂತರು.

ಮುಂದಿನ ಎರಡು ದಿನ ಆಫೀಸಿನಲ್ಲಿ ಪಕ್ಕದ ಮೇಜಿನವರು ನನ್ನ ಕಾಗದ ಎಳೆದುಕೊಂಡಾಗಲೆಲ್ಲ ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದೆ. ನಿಜಕ್ಕೂ ಪೆನ್ಸಿಲ್ಲಿನಿಂದ ಕೂಡಿಸುತ್ತಿದ್ದರು. ಎರಡನೆಯ ದಿನ ಸಾಹೇಬರ ಕೋಣೆಯ ಮುಂದೆ ಹಾದುಹೋಗುವಾಗ ಆ ಬೆಂಚು ಕಣ್ಣಿಗೆ ಬಿತ್ತು. ಆ ಸಾಹೇಬರು ಬೇರೆ ಊರಿಗೆ ಹೋಗಿಯಾಗಿದೆ, ಬೆಂಚು ಮಾತ್ರ ಅಲ್ಲೇ ಇದೆ. ಅದರ ಒಂದು ಕಾಲು ಗಿಡ್ಡ, ಕೂತರೆ ಕುಲುಕುತ್ತದೆ. ಮೇ ತಿಂಗಳ ನಾಗಪುರದ ಬಿಸಿಲಿನಲ್ಲಿ, ಆಗಿನ್ನೂ ಒಬ್ಬಳೇ ಆಟೋ ಹತ್ತಲು ಅಂಜುತ್ತಿದ್ದ ನನ್ನ ಕೂಸು ಕಾಲೇಜಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತಿತ್ತು. ಅದೇ ಹೊತ್ತಿನಲ್ಲಿ ನಾನು ಕೆಳಗಿನ ಮಹಡಿಯಲ್ಲಿ ಕೂಲರಿನ ಮುಂದೆ ಕುಳಿತು ನನ್ನ ಹಣೆಬರಹವನ್ನು ಬೈದುಕೊಳ್ಳುತ್ತಿದ್ದೆ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಹೋಗಿ ಬರುವವರು ‘ತಬಿಯತ್ ಠೀಕ್ ಹೈ ನಾ?’ ಎಂದು ನನ್ನ ಆರೋಗ್ಯ ವಿಚಾರಿಸಿದರು.

ಸಂಜೆ ಅಶ್ವಿನಿ ನನ್ನ ಪಕ್ಕ ಬಂದು ಕೂತಳು. ‘ಅಪ್ಪಾ, ಮೇಡಂಗೆ ಆ ಕಥಿ ಹೇಳಿದೆ. ಇದನ್ನ ಬ್ಯಾಂಕಿನವರ ಮುಂದ ಹೇಳಿದ್ರ ಕೆಲಸ ಗ್ಯಾರಂಟಿ ಅಂದ್ರು. ಇದನ್ನ ಬಿಟ್ರ ನನ್ನ ಕಡೆ ಇರೂದು ಕಾಲೇಜ್ ಫೆಸ್ಟ್‌ಗೆ ಟೀ ಶರ್ಟ್ ತರಿಸಿದ ಕಥಿ ಒಂದ. ನೀ ಬ್ಯಾಡಂದ್ರ ಟೀ ಶರ್ಟ್ ಹೇಳತೀನಿ.’ ಅಲ್ಲಿಗೆ ತಕ್ಕಡಿಯ ಒಂದು ಕಡೆ ಮಗಳ ನೌಕರಿ, ಇನ್ನೊಂದು ಕಡೆ ನನ್ನ ಮಾನ. ‘ನೋಡೋಣಂತ’ ಎಂದೆ. ‘ನೋಡವರು ಯಾರು?’ ಎಂದಳು. ‘ಹೇಳಬಹುದು’ ಎಂದೆ. ‘ಯಾರು ಹೇಳಬಹುದು ಅನ್ನಾಕತ್ತಾರ?’ ‘ಅಭ್ಯಂತರ ಇಲ್ಲ ಅಂತ ತಿಳೀಬೇಕು.’ ‘ಅಪ್ಪಾ, ಇದು ಫೈಲ್ ಅಲ್ಲ. ನಾನು ಅಂದು ಹೇಳು.’ ಎಂಥ ಕಷ್ಟ ಬಂತಪ್ಪಾ! ಎರಡಕ್ಷರದ ಪದ, ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೊನೆಗೆ, ‘ನಾನು ಹೇಳಾಕತ್ತೀನಿ, ಅದನ್ನ ಹೇಳು. ಯಾವುದನ್ನೂ ಬಿಡಬ್ಯಾಡ. ಲೆಕ್ಕದ್ದೂ ಹೇಳು’ ಎಂದೆ. ಅವಳ ಕಣ್ಣು ತುಂಬಿ ಬಂತು. ನನಗೂ ಬಂತು.

ಇಂಟರ್‌ವ್ಯೂ ದಿನ ಕೋಟು ತೊಟ್ಟು ಹೋದವಳು, ಕೋಟು ಕೈಯಲ್ಲಿ ಹಿಡಿದು ಓಡುತ್ತ ಬಂದಳು. ಕೆಲಸ ಸಿಕ್ಕಿತ್ತು. ಕಥೆ ಕೇಳಿ ಪ್ಯಾನೆಲ್ಲಿನ ಹಿರಿಯರು, ‘ನಿಮ್ಮ ತಂದೆಗೆ ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದು ಕೇಳಿದರಂತೆ. ಇವಳು, ‘ಗಿರಾಕಿಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡಬಾರದು ಸರ್, ಗಿರಾಕಿಗೂ ಕೂಡ’ ಎಂದಳಂತೆ. ಅವರು ಮೇಜು ಕುಟ್ಟಿ ನಕ್ಕರಂತೆ. ನಾನೂ ನಕ್ಕೆ, ಕಿತ್ತಳೆಯ ಸಂತ್ರಾ ಬರ್ಫಿ ತಂದು ಓಣಿಗೆಲ್ಲ ಹಂಚಿದೆ, ಕಾಮಠಿಯ ಷಡ್ಡಕನಿಗೆ ಫೋನು ಮಾಡಿ ನನ್ನ ಮಾನ ಹೋದ ಕಥೆಯನ್ನು ನಾನೇ ಹೇಳಿದೆ. ‘ನಮಗ ಮೊದಲ ಗೊತ್ತಿತ್ತು ಬಿಡ್ರಿ’ ಎಂದ ಅವನು.

ಅವರಿಗೆಲ್ಲ ಗೊತ್ತಿತ್ತು ಎಂದಮೇಲೆ ನನಗೆ ಗೊತ್ತಿಲ್ಲದ್ದು ಇನ್ನೆಷ್ಟಿದೆಯೋ ಎಂಬ ಅನುಮಾನ ಹೊಕ್ಕಿತು. ಜೀವನದಲ್ಲಿ ನಾನು ಗೆದ್ದೆನೆಂದುಕೊಂಡ ಒಂದೊಂದನ್ನೂ ತಿರುಗಿಸಿ ನೋಡತೊಡಗಿದೆ. ನೋಡುತ್ತ ನೋಡುತ್ತ ಮದುವೆಯವರೆಗೆ ಹೋದೆ. ನನ್ನ ಮಾವ ಭಾರಿ ಬಿಗಿ ಮನುಷ್ಯ, ಬಂದ ವರಗಳನ್ನೆಲ್ಲ ಅಂಗಳದಿಂದಲೇ ತಿರುಗಿ ಕಳಿಸುತ್ತಿದ್ದವರು. ನನ್ನನ್ನು ಮಾತ್ರ ನೋಡಿದ ಸಂಜೆಯೇ ಒಪ್ಪಿಕೊಂಡರು. ನನ್ನ ರೂಪ, ನನ್ನ ವಿನಯ ಎಂದು ಇಷ್ಟು ವರ್ಷ ತಿಳಿದಿದ್ದೆ. ಸುಮಂಗಲಾ ಬರ್ಫಿಯ ಖಾಲಿ ಡಬ್ಬಿ ಒರೆಸುತ್ತಿದ್ದಳು. ಮೆಲ್ಲಗೆ ಹೋಗಿ, ‘ಅಲ್ಲಾ, ಆವತ್ತ ನಿಮ್ಮಪ್ಪನ್ನ ಒಪ್ಪಿಸಿದವರು ಯಾರು?’ ಎಂದು ಕೇಳಿದೆ.

‘ನಾನು’ ಎಂದಳು, ತಲೆಯೆತ್ತದೆ.

ಏನು ಹೇಳಿ ಒಪ್ಪಿಸಿದಿ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.