ಸಮುದ್ರವಿಲ್ಲದ ಊರಿನ ಕ್ಯಾಪ್ಟನ್

ದಾವಣಗೆರೆಯಂಥ ಊರಿನಲ್ಲಿ ಕೂತು ಹಡಗು ಕಾಯುವ ಕೆಲಸ ಹಿಡಿದವನಿಗೆ ದಿನಾ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ದಿನ ನಾನೇ ಏನಾದರೂ ಆಗುವಂತೆ ನೋಡಿಕೊಳ್ಳುತ್ತೇನೆ. ಕೆಳಗೆ ಬರೆದದ್ದೆಲ್ಲ ನಡೆದದ್ದೇ. ಹೇಳುವಾಗ ಹೆಚ್ಚುಕಮ್ಮಿ ಆಗಿರಬಹುದು. ಕಮ್ಮಿ ಮಾತ್ರ ಆಗಿರಲಿಕ್ಕಿಲ್ಲ.

ನಮ್ಮ ಯಜಮಾನರಿಗೆ ಹರಿಹರದಲ್ಲಿ ಅಕ್ಕಿ ಗಿರಣಿ. ಒಮ್ಮೆ ಕಾರವಾರದ ಕಡೆ ಯಾರದೋ ಮದುವೆಗೆ ಹೋದವರು ವಧೂವರರನ್ನು ಬಿಟ್ಟು ಬಂದರಿನಲ್ಲಿ ನಿಂತ ಹಡಗು ನೋಡಿಕೊಂಡು ಬಂದರು. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹಾಯಿಹಡಗು, ಹೊಗೆಹಡಗು, ಯುದ್ಧದ ಹಡಗು, ಎಲ್ಲದರ ಮಾದರಿಗಳನ್ನೂ ಎಲ್ಲೆಲ್ಲಿಂದಲೋ ತರಿಸಿ, ಹಳೇ ಹತ್ತಿ ಗೋದಾಮಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಟ್ಟರು. ಹೊರಗಿನ ಬೋರ್ಡಿನ ಮೇಲೆ 'ನೌಕಾ ವಸ್ತುಸಂಗ್ರಹಾಲಯ' ಎಂದಿದೆ. ಜನ 'ಹಡಗಿನ ಮನಿ' ಅನ್ನುತ್ತಾರೆ. ಬಂದವರಿಗೆ ತೋರಿಸಿ ವಿವರಿಸುವವನು ನಾನು. ಅದಕ್ಕೂ ಮುಂಚೆ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ನೀರಿನ ಅನುಭವ ಅಂದರೆ, ಹರಿಹರದ ಹೊಳೆಯಲ್ಲಿ ಒಮ್ಮೆ ಹರಿಗೋಲು ಹತ್ತಿದ್ದೆ. ದಡ ಬಂದ ಮೇಲೆಯೇ ಕಣ್ಣು ಬಿಟ್ಟದ್ದು.

ಬಿಳಿ ಕೋಟು

"ನೋಡಿದ ಕೂಡ್ಲೆ ಹಡಗಿನ ಕ್ಯಾಪ್ಟನ್ ಅನ್ನಿಸ್ಬೇಕು" ಎಂದು ಯಜಮಾನರು ನನಗೆ ಬಿಳಿ ಪ್ಯಾಂಟು, ಬಿಳಿ ಕೋಟು, ಭುಜಕ್ಕೆ ಬಂಗಾರದ ಪಟ್ಟಿ, ತಲೆಗೊಂದು ಟೋಪಿ ಹೊಲಿಸಿಕೊಟ್ಟರು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ನನ್ನ ಮೇಲೆ ನನಗೇ ಬಹುವಚನ ಬಂತು. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಒಮ್ಮೆ ತಿರುಗಿ ನೋಡಿ, "ಯಾರ ಮದುವಿರೀ?" ಅಂದಳು.

ಅವಳ ಬಾಯಿ ಸುಳ್ಳಾಗುವುದಿಲ್ಲ. ದಾರಿಯಲ್ಲಿ ಕಲ್ಯಾಣ ಮಂಟಪದ ಮುಂದೆ ಪೇಟ ಸುತ್ತಿದ ಹಿರಿಯರೊಬ್ಬರು ನನ್ನ ರಟ್ಟೆ ಹಿಡಿದರು. "ಎಲ್ಲಿ ಹಾಳಾಗಿ ಹೋಗಿದ್ರಿ? ಮದುಮಗ ಕುದುರಿ ಹತ್ತಿ ಕುಂತು ಎಷ್ಟೊತ್ತಾತು! ಉಳಿದೋರೆಲ್ಲಿ?"

"ಅಜ್ಜಾರೇ, ನಾನು ಹಡಗಿನ ಕ್ಯಾಪ್ಟನ್ ರೀ."

"ನಿಮ್ಮ ಬ್ಯಾಂಡಿನ ಹೆಸರು ಏನರ ಇರ್ಲಿ, ಮೊದ್ಲು ಮುಂದ ನಡೀರಿ!"

ಅಷ್ಟರಲ್ಲಿ ನಿಜವಾದ ಬ್ಯಾಂಡಿನವರು ಬಂದರು. ನನ್ನ ಕೋಟು ಅವರ ಕೋಟಿಗಿಂತ ಚೆನ್ನಾಗಿದ್ದುದರಿಂದ ನಾನೇ ಯಾರೋ ದೊಡ್ಡ ಮೇಸ್ತ್ರಿ ಎಂದುಕೊಂಡು ನನ್ನ ಹಿಂದೆ ಸಾಲುಗಟ್ಟಿ ನಿಂತರು. ಅವರಿಗೆ ಬೇಸರ ಮಾಡಬಾರದಲ್ಲ, ಕೈ ಬೀಸುತ್ತಾ ಮುಂದೆ ನಡೆದೆ. ಊಟ ಚೆನ್ನಾಗಿತ್ತು. ಆ ವಾರ ಹಡಗು ನೋಡಲು ಬಂದವರಿಗಿಂತ, ಮುಂದಿನ ಮುಹೂರ್ತಕ್ಕೆ ನಾನು ಖಾಲಿ ಇದ್ದೇನಾ ಎಂದು ಕೇಳಲು ಬಂದವರೇ ಜಾಸ್ತಿ.

ಮಲೆಬೆನ್ನೂರು ಬಂದರು

ಒಂದು ಮಧ್ಯಾಹ್ನ ಮಲೆಬೆನ್ನೂರಿನ ಭತ್ತದ ವ್ಯಾಪಾರಿಯೊಬ್ಬರು ಬಂದರು. ಸರಕು ಸಾಗಿಸುವ ಹಡಗಿನ ಮಾದರಿಯನ್ನು ಎಮ್ಮೆ ನೋಡುವ ಹಾಗೆ ಸುತ್ತಲೂ ನೋಡಿ, "ಇಷ್ಟ್ ಸಣ್ಣದು ಯಾತಕ್ಕ ಬರ್ತೈತ್ರಿ?" ಅಂದರು.

ನನ್ನ ನಾಲಿಗೆಗೆ ಆಗ ಕೆಲಸ ಇರಲಿಲ್ಲ. "ಇದು ಸ್ಯಾಂಪಲ್ ರೀ. ದೊಡ್ಡದು ಹಿಂದ ಬರ್ತಾ ಐತೆ. ಕಾಲುವೆ ಅಗಲ ಮಾಡಿ ನಿಮ್ಮ ಮಲೆಬೆನ್ನೂರಿಗೇ ಬಂದರು ಮಾಡ್ತಾರಂತೆ. ನಿಮ್ಮ ಭತ್ತ ಸೀದಾ ದುಬೈಗೆ."

ಅವರು ತುಸು ಯೋಚಿಸಿದರು. "ಕಾಲುವಿ ಮ್ಯಾಲೆ ಸೇತುವಿ ಅದಾವಲ್ರೀ, ಹೆಂಗೆ ದಾಟ್ತೈತೆ?"

"ಹಡಗಿನ ಕಂಬ ಮಡಚ್ತಾರ್ರಿ."

"ಕಾಲುವಿಗೆ ನೀರು ಬಿಡದ ದಿನ?"

"ಟ್ರ್ಯಾಕ್ಟರ್ ಕಟ್ಟಿ ಎಳೀತಾರೆ."

ಟ್ರ್ಯಾಕ್ಟರ್ ಅಂದ ಮೇಲೆ ಅವರಿಗೆ ಪೂರ್ತಿ ನಂಬಿಕೆ ಬಂತು. ವಾರ ಕಳೆಯುವುದರೊಳಗೆ ಎರಡು ಗಾಡಿ ತುಂಬ ಜನ ಬಂದು ಇಳಿದರು. ಬಂದರು ಬಸ್ ಸ್ಟ್ಯಾಂಡಿನ ಮಗ್ಗುಲಿಗೇ ಆಗಬೇಕು ಎಂದು ಒಂದು ಗುಂಪು. ಬಸ್ಸು, ಹಡಗು ಒಂದೇ ಕಡೆ ನಿಂತರೆ ಟ್ರಾಫಿಕ್ ಜಾಮ್ ಆಗುತ್ತದೆ, ಊರಾಚೆ ಆಗಲಿ ಎಂದು ಇನ್ನೊಂದು ಗುಂಪು. ಗಲಾಟೆ ಕೇಳಿ ಯಜಮಾನರು ಒಳಗಿನಿಂದ ಬಂದರು. ಜನರಿಗೆ ಚಹಾ ಕುಡಿಸಿ ಕಳಿಸಿ ನನ್ನ ಕಡೆ ತಿರುಗಿದರು.

"ಇದೇ ಕಡೀ ಸಲ. ಇನ್ನೊಂದು ಸುಳ್ಳು ನಿನ್ನ ಬಾಯಿಂದ ಬಂತಾ, ಬೀಗದ ಕೈ ಮೇಜಿನ ಮ್ಯಾಲಿಟ್ಟು ಮನಿಗೆ ಹೋಗು. ತಿಳೀತಾ?"

ತಿಳಿಯಿತು. ಈ ವಯಸ್ಸಿನಲ್ಲಿ ನನ್ನನ್ನು ಇನ್ನೊಬ್ಬರು ಕ್ಯಾಪ್ಟನ್ ಮಾಡುವ ಸಂಭವ ಇಲ್ಲ. ಬಟ್ಟೆ ಅಂಗಡಿಯವರಂತೂ ನಾನು ಆ ರಸ್ತೆಯಲ್ಲಿ ಹಾದರೂ ಷಟರ್ ಎಳೆಯುತ್ತಾರೆ. "ಆಣೆ ಮಾಡ್ತೀನ್ರಿ" ಅಂದೆ.

ಯಜಮಾನರು ಬಾಗಿಲವರೆಗೆ ಹೋದವರು ವಾಪಸ್ ಬಂದು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ಅಲ್ಲಾ, ಆ ಕಾಲುವಿ ಕಡೆ ಈಗ ಸೈಟು ತಗಂಡ್ರೆ ಹೆಂಗೆ?"

ಗೋಂದು

ಸುಳ್ಳು ಬಿಟ್ಟ ಮೇಲೆ ಕೈಗೆ ಬಿಡುವು ಸಿಕ್ಕಿತು. ಹಾಯಿಹಡಗಿನ ಒಂದು ಕಂಬ ಅಲ್ಲಾಡುತ್ತಿತ್ತು. ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಗೋಂದು ತಂದು ಹಚ್ಚಿ ಬೆರಳಲ್ಲಿ ಒತ್ತಿ ಹಿಡಿದೆ. ಕಂಬ ಹಡಗಿಗೆ ಹಿಡಿಯಲಿಲ್ಲ. ಬೆರಳು ಕಂಬಕ್ಕೆ ಹಿಡಿಯಿತು.

ಅದೇ ಹೊತ್ತಿಗೆ ಕುಕ್ಕುವಾಡದಿಂದ ಒಂದು ಮನೆತನದವರೆಲ್ಲ ಬಂದರು. ಬೆರಳು ಬಿಡಿಸಿದರೆ ಹಡಗು ಹೋಗುತ್ತದೆ, ಹಡಗು ಹೋದರೆ ಕೆಲಸ ಹೋಗುತ್ತದೆ. ಆ ಕಂಬ ಹಿಡಿದುಕೊಂಡೇ ಗೋದಾಮಿನಲ್ಲಿರುವ ಎಲ್ಲ ಹಡಗುಗಳ ವಿಷಯವನ್ನೂ ನಿಂತಲ್ಲೇ ಹೇಳಿದೆ. ಬೇರೆ ಹಡಗು ತೋರಿಸಬೇಕಾದಾಗ ಗದ್ದ ಎತ್ತಿ ತೋರಿಸಿದೆ. ಹೋಗುವಾಗ ಆ ಮನೆಯ ಹಿರಿಯರು ಕಣ್ಣು ಒದ್ದೆ ಮಾಡಿಕೊಂಡು, "ಹಡಗಿನ ಮ್ಯಾಲೆ ಎಂಥಾ ಪ್ರೀತಿರೀ ನಿಮ್ದು, ಬಿಟ್ಟು ಒಂದ್ ಹೆಜ್ಜಿ ಸರೀಲಿಲ್ಲ" ಅಂದರು.

ಬುತ್ತಿ ತಂದ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತಾ ಅಂದಳು: "ಮದುವ್ಯಾಗ ನನ್ನ ಕಿರುಬೆರಳು ಹಿಡೀರಿ ಅಂದ್ರೆ ಊಟಕ್ಕ ಹೊತ್ತಾತು ಅಂತ ಬಿಟ್ಟು ಓಡಿದ್ರಿ."

ಅಜ್ಜಿ ಮತ್ತು ಹೊಗೆಹಡಗು

ನಿಜ ಮಾತ್ರ ಹೇಳಲು ಶುರು ಮಾಡಿದ ಮೇಲೆ ಜನ ಆಕಳಿಸುವುದನ್ನೂ ನೋಡಬೇಕಾಯಿತು. "ಇದು ಹಾಯಿಹಡಗು. ಗಾಳಿಗೆ ಹೋಗ್ತಿತ್ತು. ಇದು ಹೊಗೆಹಡಗು. ಕಲ್ಲಿದ್ದಲಿಗೆ ಹೋಗ್ತಿತ್ತು." ಅಷ್ಟೇ. ಸಾರಥಿ ಎಂಬ ಹಳ್ಳಿಯಿಂದ ಬಂದ ಒಬ್ಬ ಅಜ್ಜಿ ಸಹಿಸಿಕೊಂಡು ಸಾಕಾಗಿ, "ಇದ್ರಾಗ ಕಳ್ಳರು ಬಂದಿದ್ರೇನಪ್ಪಾ?" ಎಂದು ಕೇಳಿದಳು.

"ಗೊತ್ತಿಲ್ಲಜ್ಜಿ."

"ಮುಳುಗಿತ್ತಾ?"

"ಇಲ್ಲಜ್ಜಿ."

"ಹೋಗ್ಲಿ, ದೇವರ ಮನಿ ಎಲ್ಲೈತೆ?"

ಯಾರೋ ಬಿಳಿಯರು ಕಟ್ಟಿದ ಹಡಗು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅಜ್ಜಿ ತಾನೇ ಬಗ್ಗಿ, ಹೊಗೆ ಕೊಳವೆಯ ಪಕ್ಕದ ಪುಟ್ಟ ಕೋಣೆ ನೋಡಿ, "ಇದೇ ಇರ್ಬೇಕು, ಮೂಡಲಕ್ಕ ಮುಖ ಐತೆ" ಎಂದು ತಲೆಯ ಹೂವು ತೆಗೆದು ಗಾಜಿನ ಮೇಲಿಟ್ಟು ಕೈ ಮುಗಿದಳು. ಹಿಂದಿದ್ದವರೂ ಮುಗಿದರು. ಮರುದಿನ ಯಾರೋ ಕುಂಕುಮ ಹಚ್ಚಿದರು. ಸೋಮವಾರ ಊದಿನಕಡ್ಡಿ ಬಂತು.

ಯಜಮಾನರು ಕೆಂಡವಾದರು. "ಯಾರು ಹೇಳಿದ್ದು ಇದನ್ನ?"

"ನಾನು ಬಾಯೇ ಬಿಟ್ಟಿಲ್ರಿ."

"ಅದೇ ಮತ್ತ! ಬಾಯಿ ಮುಚ್ಕೊಂಡು ಸುಳ್ಳು ಹೇಳೋದೂ ಕಲ್ತೀಯಾ!"

ಆಯುಧಪೂಜೆ

ಈ ವರ್ಷ ಯಜಮಾನರು ಯಾವ ಗಾಜಿನ ಪೆಟ್ಟಿಗೆಯಲ್ಲೂ ಹಿಡಿಸದ್ದನ್ನು ತಂದರು. ಕರಾವಳಿಯಲ್ಲಿ ಒಂದು ಕಾಲಕ್ಕೆ ಹೆಂಚು ಸಾಗಿಸುತ್ತಿದ್ದ ಮಚವೆ, ಅಂದರೆ ಮರದ ದೊಡ್ಡ ಹಾಯಿಹಡಗು. ನಿಜವಾದದ್ದು. ಅದನ್ನು ಗಾಲಿಗಳಿರುವ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಅಂಗಳದಲ್ಲಿ ನಿಲ್ಲಿಸಿದೆವು. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಹಾಗಾಗಿ ಒಂದೊಂದು ಗಾಲಿಗೂ ಒಂದೊಂದು ದಪ್ಪ ಕಲ್ಲು ಕೊಟ್ಟಿದ್ದೆವು.

ಹಬ್ಬದ ಬೆಳಿಗ್ಗೆ ಯಜಮಾನರು ತಮ್ಮ ಹೊಸ ಕಾರನ್ನೂ ಪೂಜೆಗೆಂದು ತಂದು, ಗೇಟಿನ ಎದುರು, ರಸ್ತೆಯಾಚೆಯ ಬೇವಿನ ಮರದ ಕೆಳಗೆ ನಿಲ್ಲಿಸಿದರು. "ನಾನು ಅಳಿಯನ ಗಾಡ್ಯಾಗ ಹರಿಹರಕ್ಕೆ ಹೋಗಿ ಗಿರಣಿ ಪೂಜಿ ಮುಗಿಸ್ಕೊಂಡು ಬರ್ತೀನಿ. ಇಲ್ಲಿ ಕಾರಿಗೂ ಹಡಗಿಗೂ ನೀನೇ ನಿಂತು ಮಾಡ್ಸು. ಶಾಸ್ತ್ರದಾಗ ಏನೂ ಬಿಡಬ್ಯಾಡ. ಮತ್ತ... ನೆನಪೈತಲ್ಲ?" ಎಂದು ತಮ್ಮ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

"ಐತ್ರಿ."

ಕಾರಿನ ಪೂಜೆ ಸರಾಗವಾಗಿ ಆಯಿತು. ವಿಭೂತಿ, ಚೆಂಡು ಹೂವು, ಬಾಳೆಕಂಬ, ಗಾಲಿಗಳ ಕೆಳಗೆ ನಿಂಬೆಹಣ್ಣು. ಆಮೇಲೆ ಹಡಗಿಗೆ ಬಂದೆವು. ಪೂಜೆಯ ಅಯ್ನೋರು, "ಗಾಲಿಗೆ ನಿಂಬೆಹಣ್ಣು ಇಡ್ರಿ" ಅಂದರು.

"ಅಲ್ಲಿ ಕಲ್ಲು ಅದಾವಲ್ರೀ ಅಯ್ನೋರೇ."

"ಪೂಜಿ ಕಲ್ಲಿಗೋ, ಹಡಗಿಗೋ?"

ಮಾತು ಸರಿ ಅನ್ನಿಸಿತು. ಇಳಿಜಾರಿನ ವಿಷಯ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೈಮೇಲೆ ಕ್ಯಾಪ್ಟನ್ ಕೋಟು ಇತ್ತು, ಸುತ್ತಲೂ ಜನ ಇದ್ದರು. ಒಂದೊಂದೇ ಕಲ್ಲು ಸರಿಸಿ, ಆ ಜಾಗಕ್ಕೆ ಒಂದೊಂದು ನಿಂಬೆಹಣ್ಣು ಇಟ್ಟೆ. ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಹಡಗಿನ ಪಕ್ಕ ನಿಂತು, ಕಣ್ಣು ಮುಚ್ಚಿ ಎತ್ತಿದೆ.

ಚಿಟ್ ಅಂತ ಸದ್ದಾಯಿತು. "ನೋಡ್ರೀ, ಹಡಗು ತಾನಾಗೇ ನಿಂಬೆಹಣ್ಣು ತುಳೀತು!" ಎಂದು ಯಾರೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಅಯ್ನೋರು ಜೋರಾಗಿ ಗಂಟೆ ಬಾರಿಸಿದರು. ನಾನು ಕಣ್ಣು ಬಿಡುವಾಗ ಹಡಗು ನನ್ನನ್ನು ದಾಟಿ ಹೋಗುತ್ತಿತ್ತು.

ಕೈಯಲ್ಲಿ ಉರಿಯುವ ಕುಂಬಳಕಾಯಿ ಹಿಡಿದು "ನಿಲ್ಲು! ನಿಲ್ಲು!" ಎಂದು ಹಿಂದೆ ಓಡಿದೆ. ಸೀರೆ ಮಾರಿದ ಬಾಯಿ, ಹಡಗಿಗೆ ಏನು ಹೇಳಿ ನಿಲ್ಲಿಸಬೇಕು ಎಂದು ಗೊತ್ತಿಲ್ಲ. ಅದು ಹೂವಿನ ಹಾರ ತೂಗಿಸಿಕೊಂಡು ಗಂಭೀರವಾಗಿ ಗೇಟು ದಾಟಿತು, ರಸ್ತೆ ದಾಟಿತು, ಬೇವಿನ ಮರದ ಕೆಳಗೆ ಹೋಗಿ ಕಾರಿನ ಮೇಲೆ ಒರಗಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾರು ಮಾತ್ರ ಮುಂಚಿಗಿಂತ ಗಿಡ್ಡ ಆಗಿತ್ತು. ಆ ಸದ್ದಿಗೆ ನನ್ನ ಕೈಯಿಂದ ಕುಂಬಳಕಾಯಿ ಬಿದ್ದು ನಡುರಸ್ತೆಯಲ್ಲಿ ಒಡೆಯಿತು. ಶಾಸ್ತ್ರದಲ್ಲಿ ಏನೂ ಬಿಟ್ಟ ಹಾಗಾಗಲಿಲ್ಲ.

ಯಜಮಾನರಿಗೆ ಫೋನ್ ಮಾಡಿದೆ. "ಯಜಮಾನ್ರೇ, ನಮ್ಮ ಹಡಗು ಹೋಗಿ ನಿಮ್ಮ ಕಾರಿಗೆ ಗುದ್ದೈತ್ರಿ."

"ಎಲ್ಲಿ?"

"ರಸ್ತಿ ಮ್ಯಾಲ್ರಿ."

"ಹಡಗು?"

"ಹೂನ್ರಿ."

"ಹಬ್ಬದ ದಿನಾನೂ ಬಿಡೋದಿಲ್ಲೇನೋ ನೀನು! ಬೀಗದ ಕೈ ಅಯ್ನೋರ ಹತ್ರ ಕೊಟ್ಟು ಮನಿಗೆ ನಡಿ!"

ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. "ಕಂಪ್ಯೂಟರ್‌ನಾಗ ಫೋಟೋ ಬ್ಯಾರೆ ಮಾಡ್ಸೀಯಾ!" ಎಂದು ವಾಯ್ಸ್ ಮೆಸೇಜು ಬಂತು. ಕೊನೆಗೆ ಅಯ್ನೋರೇ ಫೋನ್ ಇಸಿದುಕೊಂಡು, "ಖರೇ ಐತ್ರಿ, ನಾನೇ ಕಣ್ಣಾರೆ ಕಂಡೆ" ಅಂದರು.

"ಅಯ್ಯೋ ಶಿವನೇ, ನಿಮ್ಮನ್ನೂ ಕೆಡಿಸಿದ್ನಾ ಅವನು!"

ಇಷ್ಟು ದಿನ ಹೇಳಿದ ಸುಳ್ಳಿಗೆಲ್ಲ ಉಳಿದಿದ್ದ ಕೆಲಸ, ಹೇಳಿದ ಒಂದೇ ನಿಜಕ್ಕೆ ಹೋಯಿತು. ಬೀಗದ ಕೈಯನ್ನು ಅಯ್ನೋರಿಗೆ ಕೊಟ್ಟು, ಟೋಪಿ ತೆಗೆದು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಅರ್ಧ ತಾಸು ಅಲ್ಲೇ ಕೂತು, ಕೊನೆಗೆ ಹೊರಟವನು ರಸ್ತೆಯ ತಿರುವು ಮುಟ್ಟಿರಲಿಲ್ಲ, ಅಳಿಯನ ಗಾಡಿ ಬಂತು. ಬೈಯಲೆಂದೇ ಪೂಜೆ ಅರ್ಧಕ್ಕೆ ಬಿಟ್ಟು ಬಂದಿದ್ದ ಯಜಮಾನರು ಕೆಳಗಿಳಿದರು. ಹಡಗು ನೋಡಿದರು. ಕಾರು ನೋಡಿದರು. ಹಡಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನಡೆದದ್ದನ್ನೆಲ್ಲ ಅಯ್ನೋರ ಬಾಯಿಂದ ಕೇಳಿದರು. ಅಷ್ಟರಲ್ಲಿ, ಹಡಗಿನ ಹಿಂಭಾಗ ರಸ್ತೆಗೆ ಅಡ್ಡವಾದ್ದರಿಂದ ಎರಡೂ ಕಡೆ ನಿಂತ ಬಸ್ಸುಗಳ ನಡುವಿನಿಂದ ಪೊಲೀಸ್ ಜೀಪು ತೂರಿ ಬಂತು.

ಯಜಮಾನರು ಅಯ್ನೋರ ಕೈಯಿಂದ ಬೀಗದ ಕೈ ಕಿತ್ತುಕೊಂಡು ಓಡಿ ಬಂದು ನನ್ನ ಜೇಬಿಗೆ ತುರುಕಿ, ಟೋಪಿಯನ್ನು ತಾವೇ ನನ್ನ ತಲೆಗಿಟ್ಟು, ಪಿಸುಗುಟ್ಟಿದರು: "ನಿಂಬೆಹಣ್ಣಿನ ಸುದ್ದಿ ಗೊತ್ತಾದ್ರೆ ಊರೋರೆಲ್ಲ ಮುಖ ನೋಡಿ ನಗ್ತಾರೆ. ಏನರ ಒಂದು ಛಲೋ ಸುಳ್ಳು ಹೇಳೋ ಮಾರಾಯ. ನಿನ್ನ ಕೆಲಸ ಎಲ್ಲಿಗೂ ಹೋಗಿಲ್ಲ!"

ನೋಡಿ ನನ್ನ ಹಣೆಬರಹ. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಗೆ ಒಂದೇ ಒಂದು ಸುಳ್ಳೂ ಬರಲಿಲ್ಲ. ಇನ್ಸ್‌ಪೆಕ್ಟರ್ ಎದುರು ನಿಂತು, "ಸಾಹೇಬ್ರೇ, ಗಾಲಿಗೆ ಕೊಟ್ಟಿದ್ದ ಕಲ್ಲು ತೆಗ್ದು ನಿಂಬೆಹಣ್ಣು ಇಟ್ಟೆ, ಹಡಗು ಹೋತು" ಎಂದುಬಿಟ್ಟೆ.

ಸಾಹೇಬರು ನನ್ನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು. "ರೀ ಕ್ಯಾಪ್ಟನ್, ಹೇಳಿದ್ರೆ ನಂಬೋ ಹಂಗಿರ್ಬೇಕ್ರಿ. ಸುಮ್ನೆ ಹಡಗಿನ ಬ್ರೇಕ್ ಫೇಲ್ ಆತು ಅನ್ರಿ, ಬರ್ಕೊಂಡು ಹೋಗ್ತೀನಿ."

ಯಜಮಾನರು ನನ್ನ ಕಿವಿಯ ಹತ್ತಿರ ಬಾಗಿ ಅಂದರು: "ನೋಡಿ ಕಲ್ತ್ಕೋ."