ಕಳೆಯದೇ ಇದ್ದ ಎಮ್ಮೆ

ನಮ್ಮ ಕಡೆ ಗಂಡಸೊಬ್ಬ ಒಬ್ಬನೇ ನಡೆದುಹೋಗುತ್ತಿದ್ದರೆ ಬಸ್ಸು ತಪ್ಪಿರಬೇಕು, ಹೆಂಡತಿಯೊಡನೆ ಜಗಳವಾಗಿರಬೇಕು, ಇಲ್ಲವೇ ದನ ಕಳೆದಿರಬೇಕು. ಸುಮ್ಮನೆ ನಡೆಯಬೇಕೆನ್ನಿಸಿತು ಎಂಬ ಕಾರಣವನ್ನು ಯಾರೂ ಒಪ್ಪುವುದಿಲ್ಲ. ಇದು ನನಗೆ ತಿಳಿಯದ ಸಂಗತಿಯೇನಲ್ಲ, ಆದರೂ ಹೊರಟೆ.

ತಪ್ಪು ಕ್ಷೌರದಂಗಡಿಯಲ್ಲಿದ್ದ ಹಳೆಯ ವಾರಪತ್ರಿಕೆಯದು. ಅದರಲ್ಲಿ ಪರದೇಶದವನೊಬ್ಬ ಕಾಲಿಗೆರಡು ಉದ್ದನೆಯ ಹಲಗೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುತ್ತ, ಬೆಟ್ಟದ ಗುಡಿಸಲಿಂದ ಗುಡಿಸಲಿಗೆ ಒಬ್ಬನೇ ಹೋಗಿದ್ದ. ಎಂಟು ದಿನ ಯಾರೊಡನೆಯೂ ಮಾತಾಡಲಿಲ್ಲವಂತೆ. ತಿಪಟೂರಿನ ಕಚೇರಿಯಲ್ಲಿ ದಿನವಿಡೀ ಅರ್ಜಿದಾರರ ಮಾತು ಕೇಳುವ ನನಗೆ ಹಿಮಕ್ಕಿಂತ ಆ ಮೌನದ ಮೇಲೆ ಆಸೆಯಾಯಿತು. ನಮ್ಮಲ್ಲಿ ಹಿಮವಿಲ್ಲದಿದ್ದರೂ ಸಂಕ್ರಾಂತಿಗೆ ಮುಂಚಿನ ಇಬ್ಬನಿಯಿದೆ. ಗುಡಿಸಲಿಗೆ ಬದಲು ತೋಟದ ಮನೆಗಳಿವೆ. ಮೂರು ದಿನ ರಜೆ ಹಾಕಿ, ಬೋರನಕಣಿವೆಯ ಜಲಾಶಯದವರೆಗೆ ಒಬ್ಬನೇ ನಡೆಯುತ್ತೇನೆಂದು ಕಚೇರಿಗೆಲ್ಲ ಸಾರಿದೆ. “ಸಂಜೆ ಬಸ್ಸಿಗೆ ವಾಪಸ್ ಬತ್ತೀರ ಬುಡಿ” ಎಂದರು ಹೆಡ್ ಗುಮಾಸ್ತರು. ಅಲ್ಲಿಗೆ ನನ್ನ ಮಾನವೆಲ್ಲ ಬೋರನಕಣಿವೆಗೆ ಹೋಗಿ ಕುಳಿತಿತು. ಹೆಂಡತಿ ಗಿರಿಜೆ ಮಾತ್ರ “ಮಫ್ಲರ್ ಮರೀಬೇಡಿ” ಎಂದಳು.

ಮೊದಲ ಸಂಜೆ ತಂಗಿದ್ದು ಪರಿಚಯದ ಬಸವಯ್ಯನವರ ತೋಟದ ಮನೆಯಲ್ಲಿ. ನನ್ನ ಕೋಲು, ಚೀಲ ನೋಡಿ ಅವರು, “ಮನೇಲಿ ಜಗಳ ಏನಾರ ಆಯ್ತಾ?” ಎಂದರು. ಇಲ್ಲವೆಂದೆ. “ಹಂಗಾರೆ ಏನ್ ಕಳೀತು, ಹಸನಾ ಎಮ್ಮೇನಾ?” ನಾನು ಮೌನದ ಮಹಿಮೆಯನ್ನು ಬಹಳ ಹೊತ್ತು ವಿವರಿಸಿದೆ. ಅವರ ಮುಖದಲ್ಲಿ ಮರುಕ ಹೆಚ್ಚುತ್ತಲೇ ಹೋಯಿತು. ಕೊನೆಗೆ ಸೋತು “ಎಮ್ಮೆ” ಎಂದುಬಿಟ್ಟೆ. “ಗುರುತು?” ಎಂದರು. ನಾನು ಹತ್ತಿರದಿಂದ ನೋಡಿದ್ದ ಎಮ್ಮೆ ಪ್ರಪಂಚದಲ್ಲಿ ಒಂದೇ. ಅದು ಹಂದನಕೆರೆ ಪಕ್ಕದ ಹಳ್ಳಿಯಲ್ಲಿರುವ ನಮ್ಮ ಮಾವನವರದು; ಮದುವೆಯಾದ ಹೊಸದರಲ್ಲಿ ನನ್ನ ಪಂಚೆ ತಿಂದಿತ್ತು. “ಎಡಗಡೆ ಕೊಂಬು ಮುರಿದಿದೆ, ಹಣೇಲಿ ಬಿಳಿ ಚುಕ್ಕಿ” ಎಂದೆ.

ಈ ಗುರುತುಗಳನ್ನು ಬಸವಯ್ಯನವರು ಬೆಳಗಿನ ಮೊದಲ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿದ್ದು ನನಗೆ ಗೊತ್ತಿರಲಿಲ್ಲ. ಮರುದಿನ ದಾರಿಯುದ್ದಕ್ಕೂ ಜನ “ಸಿಕ್ತಾ?” ಎಂದು ಕೇಳಿದರು. ಎಳನೀರು ಕೆತ್ತಿಕೊಟ್ಟರು, ಕೂರಿಸಿ ರೊಟ್ಟಿ ಹಾಕಿದರು. ಒಬ್ಬ ಅಜ್ಜಿ “ದೇವ್ರಿಗೊಂದು ಹರಕೆ ಕಟ್ಕಳಪ್ಪ” ಎಂದಳು. ಪರದೇಶದವನಿಗೆ ಎಂಟು ದಿನ ದಕ್ಕಿದ ಮೌನ ನನಗೆ ಎಂಟು ನಿಮಿಷವೂ ದಕ್ಕಲಿಲ್ಲ.

ಮಧ್ಯಾಹ್ನದ ಮೇಲೆ ಹಂದನಕೆರೆ ಹತ್ತಿರವಾಗುವಾಗ ಅಲ್ಲಿನ ಹಟ್ಟಿಯ ಕುರಿಗಾಹಿ ಚಿತ್ತಯ್ಯ ಓಡಿಬಂದ. “ಎಮ್ಮೆ ಸಾಮಿ ನೀವೇನಾ? ಬನ್ನಿ, ಕೆರೆ ಹಿಂದೆ ಮೇಯ್ತಿತ್ತು, ಹಿಡಿದು ಕಟ್ಟಿವ್ನಿ.” ಬೇವಿನ ಮರದಡಿ ಮಾವನವರ ಎಮ್ಮೆಯೇ ನಿಂತಿತ್ತು. ಅದು ನನ್ನ ಪಂಚೆಯನ್ನು ನೋಡಿತು.

ಹೆದರಿಕೆಯಾಯಿತು. ನಿಜ ಹೇಳಿದರೆ ಪಾಪ, ಚಿತ್ತಯ್ಯ ಕಂಡವರ ಎಮ್ಮೆ ಹಿಡಿದವನಾಗುತ್ತಾನೆ. ಹೇಳದಿದ್ದರೆ ನಾನು ಮಾವನ ಎಮ್ಮೆ ಕದ್ದ ಅಳಿಯನಾಗುತ್ತೇನೆ. ಸದ್ದಿಲ್ಲದೆ ಅವರ ಕೊಟ್ಟಿಗೆಗೆ ಕಟ್ಟಿಬಂದರಾಯಿತೆಂದು ಹಗ್ಗ ಹಿಡಿದು ಹೊರಟೆ. ಅರ್ಧ ಮೈಲಿ ಹೋಗಿಲ್ಲ, ಎದುರಿಗೆ ಕೋಲು ಹಿಡಿದು, ಒಬ್ಬರೇ, ಏದುಸಿರು ಬಿಡುತ್ತ ಮಾವನವರು ಬಂದರು. ಮೊದಲು ಎಮ್ಮೆಯ ಕತ್ತು ತಬ್ಬಿಕೊಂಡರು. ಆಮೇಲೆ ನನ್ನ ಕೈ ಹಿಡಿದರು.

“ನೀವು ನಿನ್ನೆಯಿಂದ ನಿದ್ದೆ ಬುಟ್ಟು ಹುಡುಕ್ತಿದೀರಂತೆ ಅಳಿಯಂದ್ರೆ, ದಾರೀಲಿ ಜನ ಹೇಳಿದ್ರು” ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮರುಕ್ಷಣ ಏನೋ ಹೊಳೆದಂತೆ ನಿಂತರು. “ಇದು ಕಳೆದಿದ್ದು ಇವತ್ತು ಬೆಳಿಗ್ಗೆ. ನಿಮಗೆ ನಿನ್ನೇನೇ ಹೆಂಗ್ ಗೊತ್ತಾಯ್ತು?”

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಪ್ರವಾಸದಲ್ಲಿ ನನಗೆ ದಕ್ಕಿದ ಮೌನ ಅದೊಂದೇ. ಮಾವನವರು ಅದನ್ನು ಮುಂದಾಗುವುದನ್ನು ಬಲ್ಲ ದೊಡ್ಡವರ ವಿನಯವೆಂದು ತಿಳಿದು ಕೈಮುಗಿದರು.

ಬೋರನಕಣಿವೆಯನ್ನು ನಾನು ಇನ್ನೂ ನೋಡಿಲ್ಲ. ಈಗ ಮಾವನ ಊರಿನಲ್ಲಿ ಯಾರ ಮನೆಯ ಏನು ಕಳೆದರೂ ನನಗೆ ಕಾಗದ ಬರುತ್ತದೆ. ಹೋದ ವಾರ ಯಾರದೋ ಮೇಕೆ. ಗಿರಿಜೆ ಕಾಗದ ಓದಿ ಮಫ್ಲರ್ ತಂದುಕೊಟ್ಟಳು. ಬಸ್ಸಿಳಿದು ಹಳ್ಳಿಯ ದಾರಿ ಹಿಡಿದಾಗ, ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬನೇ ನಡೆದುಬರುತ್ತಿದ್ದವನೊಬ್ಬ ಎದುರಾದ. ಪಾಪ, ಸುಮ್ಮನೆ ಹೋಗಲು ಬಿಡುವುದಕ್ಕೆ ಮನಸ್ಸಾಗಲಿಲ್ಲ. ತಡೆದು ನಿಲ್ಲಿಸಿ ಕೇಳಿದೆ, “ಏನ್ ಕಳೀತಪ್ಪ?”