ಎರಡು ಕಿಲೋ ಸೇವ್

ಪ್ರಭುಲಿಂಗಪ್ಪನವರ ಅವತ್ತಿನ ಫಜೀತಿಗೆಲ್ಲ ಕಾರಣ ಫೋನಿನಲ್ಲಿ ಬಂದ ಎರಡಕ್ಷರದ ಒಂದು ಶಬ್ದ. ಬೆಳಿಗ್ಗೆ ಹತ್ತೂಕಾಲಿಗೆ ಗಜೇಂದ್ರಗಡದ ನೇಕಾರರ ಸಂಘದ ಫೋನು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದವರು ಗದಗಿನ ಮೈನುದ್ದೀನ ಸಾಹೇಬರು, ಸಂಘದ ಮೇಲಿನ ಅಧಿಕಾರಿ. ರೋಣದ ಬಸ್ ನಿಲ್ದಾಣದ ಬೂತಿನಲ್ಲಿ ನಿಂತಿದ್ದರೆಂದು ಕಾಣುತ್ತದೆ, ಅವರ ಮಾತಿಗಿಂತ ಹಿಂದಿನ ಕಂಡಕ್ಟರನ "ನರಗುಂದ, ನರಗುಂದ" ಎಂಬ ಕೂಗೇ ಸ್ಪಷ್ಟವಾಗಿ ಕೇಳುತ್ತಿತ್ತು.

"ಪ್ರಭುಲಿಂಗಪ್ಪ, ಮೂರಕ್ಕ ಬರ್ತೀನಿ. ಅಷ್ಟರಾಗ ಎಲ್ಲಾ ಸೇವ್ ಮಾಡಿ ಇಡ್ರಿ. ಸೇವ್ ಇಲ್ಲಂದ್ರ ನನ್ನ ಮುಂದ ಬರಬ್ಯಾಡ್ರಿ."

"ಆತ್ರಿ ಸಾಹೇಬ್ರ," ಎಂದರು ಪ್ರಭುಲಿಂಗಪ್ಪ. ಮೇಲಿನವರು ಏನು ಹೇಳಿದರೂ ಮೊದಲು ಆತ್ರಿ ಅನ್ನುವುದು, ಅದರ ಅರ್ಥವನ್ನು ಆಮೇಲೆ ಹುಡುಕುವುದು ಅವರ ಮೂವತ್ತು ವರ್ಷದ ನೌಕರಿಯ ರೂಢಿ. ರಿಸೀವರ್ ಕೆಳಗಿಟ್ಟ ಮೇಲೆ ಹುಡುಕಲು ಕುಳಿತರು.

ಸಾಹೇಬರು ಬರುವ ಉದ್ದೇಶ ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಘಕ್ಕೆ ಒಂದು ಕಂಪ್ಯೂಟರ್ ಬಂದಿತ್ತು, ಗುಮಾಸ್ತರು ಇಬ್ಬರಿದ್ದರು. ಐವತ್ತನಾಲ್ಕರ ಪ್ರಭುಲಿಂಗಪ್ಪ ಒಬ್ಬರು, ಕಂಪ್ಯೂಟರ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದೆಯೇ ತೂಗುಹಾಕಿದ್ದ ಶರತ ಇನ್ನೊಬ್ಬ. ನೇಕಾರರ ಹೆಸರಿನ ಪಟ್ಟಿಯನ್ನು ಅರ್ಧ ಅವರು, ಅರ್ಧ ಇವನು ಕಂಪ್ಯೂಟರಿಗೆ ಏರಿಸಬೇಕು. ಸಾಹೇಬರು ಬಂದು ನೋಡಬೇಕು. ಕಂಪ್ಯೂಟರ್ ಕೆಲಸ ಬಂದವನು ಗಜೇಂದ್ರಗಡದಲ್ಲಿ ಉಳಿಯುತ್ತಾನೆ, ಬಾರದವನು ಹೊಳೆಮಣ್ಣೂರಿನ ಶಾಖೆಗೆ ಹೋಗುತ್ತಾನೆ ಎಂದು ಸುತ್ತೋಲೆ ಬಂದಿತ್ತು.

ಹೊಳೆಮಣ್ಣೂರ ಎಂದರೆ ಮಲಪ್ರಭೆಯ ದಂಡೆ. ಹೊಳೆಗೆ ಸಿಟ್ಟು ಬಂದ ವರ್ಷ ಶಾಖೆಯ ಕಡತಗಳ ಜೊತೆ ಗುಮಾಸ್ತನೂ ಅಟ್ಟ ಏರಬೇಕು. ಪ್ರಭುಲಿಂಗಪ್ಪನವರಿಗೆ ನೀರಿನ ಹೆದರಿಕೆ ಅಷ್ಟಾಗಿ ಇರಲಿಲ್ಲ. ಅವರ ಸಂಕಟ ಹೆಂಡತಿಯದು. ಶಿವಬಸವ್ವ ನಡುಮನೆಯಲ್ಲಿ ಕುಣಿ ತೋಡಿ ಹೂಡಿದ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಇಪ್ಪತ್ತೆಂಟು ವರ್ಷದಿಂದ ಸೀರೆ ನೇಯುತ್ತಿದ್ದಳು. ವರ್ಗದ ಮಾತೆತ್ತಿದಾಗ ಅವಳು ಕೈ ನಿಲ್ಲಿಸದೆ ಹೇಳಿದ್ದಳು, "ಮಗ್ಗಾ ಬಿಚ್ಚಿ ಹೊತಗೊಂಡ ಹೋಗಬಹುದ್ರಿ. ಕುಣಿ ಹ್ಯಾಂಗ ಹೊತಗೊಂಡ ಹೋಗೂದು?" ಇಬ್ಬರೂ ಒಂದೊಂದು ಊರಲ್ಲಿ ಒಲೆ ಹೂಡುವುದು ಪ್ರಭುಲಿಂಗಪ್ಪನವರಿಗೆ ಬೇಡವಾಗಿತ್ತು.

ಅದಕ್ಕೇ ಅವರು, ಈ ವಯಸ್ಸಿನಲ್ಲಿ ಜನ ನಕ್ಕಾರೆಂದು, ಕದ್ದುಮುಚ್ಚಿ ಕಂಪ್ಯೂಟರ್ ಕಲಿಯತೊಡಗಿದ್ದರು. ರಕ್ತದಲ್ಲಿ ಸಕ್ಕರೆ ಏರಿದೆ, ದಿನಾ ಬೆಳಿಗ್ಗೆ ಒಂದು ತಾಸು ನಡೆಯಿರಿ ಎಂದು ಡಾಕ್ಟರು ಹೇಳಿದ್ದು ಅನುಕೂಲವೇ ಆಯಿತು. ಮನೆಯಿಂದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟವರು ಎರಡು ಓಣಿ ದಾಟಿ ಕೌಸರಳ ಕಂಪ್ಯೂಟರ್ ಕ್ಲಾಸಿನಲ್ಲಿ ಬೂಟು ಬಿಚ್ಚುತ್ತಿದ್ದರು. ಇಪ್ಪತ್ತೆರಡರ ಆ ಹುಡುಗಿ ಅಪ್ಪನ ಹೊಲಿಗೆ ಅಂಗಡಿಯ ಹಿಂದಿನ ಖೋಲಿಯಲ್ಲಿ ಎರಡು ಹಳೇ ಕಂಪ್ಯೂಟರ್ ಇಟ್ಟುಕೊಂಡು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಅವಳು ಇವರನ್ನು ಕಾಕಾ ಎನ್ನುತ್ತಿದ್ದಳು. ಇವರು ಅವಳನ್ನು ಸಾಲಿ ಹುಡುಗರಂತೆ ಅಕ್ಕಾರ ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಸಕ್ಕರೆ ಇಳಿಯಲಿಲ್ಲ, ವಿದ್ಯೆ ಏರಿತು.

ಕೌಸರ ಬಲು ಜಾಣೆ. ಇಂಗ್ಲಿಷ್ ಶಬ್ದ ಕೇಳಿದರೆ ಕಾಕಾ ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ ಎಂದು ಎರಡನೆಯ ದಿನವೇ ಕಂಡುಕೊಂಡಳು. "ಕಾಕಾ, ಇದೂ ಮಗ್ಗನ. ಉದ್ದಕ ಬಂದದ್ದು ಹಾಸು, ಅಡ್ಡಕ ಬಂದದ್ದು ಹೊಕ್ಕು. ಕೈಯಾಗ ಹಿಡಿಯೂದು ಲಾಳಿ," ಎಂದು ಮೌಸನ್ನು ಅವರ ಕೈಗಿಟ್ಟಳು. ಅಷ್ಟೇ ಸಾಕಾಯಿತು. ನೇಕಾರರ ಮನೆಯಲ್ಲಿ ಹುಟ್ಟಿದ ಪ್ರಭುಲಿಂಗಪ್ಪ ಆ ಲಾಳಿಯನ್ನು ಹಾಸಿನಿಂದ ಹೊಕ್ಕಿಗೆ ಸರಾಗ ಓಡಿಸತೊಡಗಿದರು. ಅವರ ನೋಟುಬುಕ್ಕಿನ ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಹೀಗೆ ಬರೆದಿತ್ತು: "ಏಳುವ ಮುಂಚೆ ಮೇಲಿನ ನೀಲಿ ಚೌಕ ಒತ್ತಿ ಎತ್ತಿಡಬೇಕು. ಎತ್ತಿಡದೆ ಎದ್ದರೆ ನೇಯ್ದದ್ದೆಲ್ಲ ನೀರುಪಾಲು."

ತಮ್ಮ ಪಾಲಿನ ಇನ್ನೂರಾ ಆರು ಹೆಸರನ್ನು ಅವರು ನಿನ್ನೆ ಸಂಜೆಯೇ ಮುಗಿಸಿ, ನೀಲಿ ಚೌಕ ಒತ್ತಿ, ಎತ್ತಿಟ್ಟು ಮನೆಗೆ ಹೋಗಿದ್ದರು. ಆದರೆ ಎತ್ತಿಡುವುದಕ್ಕೆ ಜಗತ್ತು ಇನ್ನೊಂದು ಹೆಸರು ಇಟ್ಟಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಸೇವ್ ಅಂದ್ರ ಏನೋ ರಮಜಾನಸಾಬ?" ಎಂದು ಜವಾನನನ್ನು ಕೇಳಿದರು.

"ಅದೇನ ಕೇಳ್ತೀರಿ, ಕಡ್ಲಿಹಿಟ್ಟಿಂದು," ಎಂದ ರಮಜಾನಸಾಬ. "ಹೋದ ಸಲ ಬಂದಾಗ ಸಾಹೇಬ್ರು ಮಂಡಕ್ಕಿ ತಿಂದು, ಮ್ಯಾಲ ಒಂಚೂರ ಸೇವ್ ಇದ್ದಿದ್ರ ಚಲೋ ಇತ್ತು ಅಂದಿದ್ರು. ನಾ ಅವತ್ತ ಕಿವಿಯಾರೆ ಕೇಳೇನಿ."

ಕಂಪ್ಯೂಟರಿನ ಮುಂದೆ ತನ್ನ ಪಾಲಿನ ಹೆಸರುಗಳನ್ನು ಅವಸರದಿಂದ ಏರಿಸುತ್ತಿದ್ದ ಶರತನ ಕಿವಿಗೆ ಈ ಮಾತು ಬಿತ್ತು. ಅವನಿಗೆ ಶಬ್ದದ ಅರ್ಥ ಗೊತ್ತಿತ್ತು. ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಳೆಮಣ್ಣೂರಿಗೆ ಯಾರಾದರೊಬ್ಬರು ಹೋಗಲೇಬೇಕಲ್ಲ. "ಹೌದ್ರಿ ಸರ, ಸಾಹೇಬ್ರಿಗೆ ಖಾರ ಜಾಸ್ತಿ ಬೇಕು," ಎಂದು ಪರದೆಯ ಹಿಂದೆ ಮುಖ ಮರೆಸಿಕೊಂಡ.

ಪ್ರಭುಲಿಂಗಪ್ಪ ಮನೆಗೆ ಓಡಿದರು. ಶಿವಬಸವ್ವ ಅರ್ಧ ಸೆರಗಿನಲ್ಲಿದ್ದ ಸೀರೆಯನ್ನು ಬಿಟ್ಟು ಕುಣಿಯಿಂದ ಮೇಲೆದ್ದಳು. "ಎಷ್ಟ ಮಾಡ್ಲಿ?" ಎಂದಳು.

"ಎಲ್ಲಾ ಮಾಡಿ ಇಡ್ರಿ ಅಂದಾರ."

"ಎಲ್ಲಾ ಅಂದ್ರ ಎಷ್ಟ?"

ಲೆಕ್ಕ ಎರಡು ಕಿಲೋಗೆ ನಿಂತಿತು. ಕಡಲೆಹಿಟ್ಟು ಸಾಲದೆ ಪಕ್ಕದ ಮನೆಯ ಮುಮತಾಜಬಿಯ ಕಡೆ ಹೋದರೆ, ಆಕೆ ಹಿಟ್ಟಿನ ಡಬ್ಬಿಯ ಜೊತೆ ತಾನೂ ಬಂದಳು. ಬಂದವಳು ಬಾಣಲೆಯ ಮುಂದೆ ಕುಳಿತು ಪ್ರಭುಲಿಂಗಪ್ಪನವರ ಮುಖವನ್ನೇ ನೋಡಿದಳು.

"ಭಾಯಿ, ಸಾಹೇಬ್ರು ಸೇವ್ ಅಂದ್ರೋ, ಶೇವ್ ಅಂದ್ರೋ? ನಾಕ ದಿನದ ಗಡ್ಡ ಐತಿ ನಿಮ್ಮದು. ಶೇವ್ ಇಲ್ಲಂದ್ರ ಮುಂದ ಬರಬ್ಯಾಡ ಅಂದ್ರ, ಅದಕ್ಕ ಅರ್ಥ ಐತಿ ನೋಡ್ರಿ."

ಪ್ರಭುಲಿಂಗಪ್ಪ ಗದ್ದ ಸವರಿಕೊಂಡರು. ನೋಡಿದರೆ ಅದೂ ಸರಿ. ಕಂಡಕ್ಟರನ ಕೂಗಿನಲ್ಲಿ ಸಕಾರ ಯಾವುದು, ಶಕಾರ ಯಾವುದು? ಎರಡನ್ನೂ ಮಾಡಿಬಿಟ್ಟರೆ ತಪ್ಪಿಲ್ಲ ಎಂದುಕೊಂಡು ಕ್ಷೌರದ ಅಂಗಡಿಗೆ ಹೋದರು. ಅವಸರ ಮಾಡಿದ್ದಕ್ಕೆ ಗದ್ದದ ಮೇಲೆ ಎರಡು ಕಡೆ ಕತ್ತಿ ತಾಗಿತು. ಸ್ಫಟಿಕ ತಿಕ್ಕಿಸಿಕೊಂಡು, ಉರಿಯುವ ಗದ್ದ ಹಿಡಿದುಕೊಂಡು ಮನೆಗೆ ಬರುವಷ್ಟರಲ್ಲಿ ಸೇವಿನ ವಾಸನೆ ಓಣಿಯ ತುದಿಗೆ ಮುಟ್ಟಿತ್ತು. ಅರ್ಧ ಓಣಿ ಅಂಗಳದಲ್ಲೇ ಕುಳಿತಿತ್ತು. ಖಾರ ಕಡಿಮೆ ಎಂದವರಿಗೆ ಒಂದು ಹಿಡಿ, ಉಪ್ಪು ಹೆಚ್ಚು ಎಂದವರಿಗೆ ಒಂದು ಹಿಡಿ ಕೊಟ್ಟು ಶಿವಬಸವ್ವ ಬೇಸತ್ತಿದ್ದಳು. ಎರಡು ಕಿಲೋ ಉಳಿಸಿಕೊಳ್ಳಲು ಮೂರು ಕಿಲೋ ಕರಿಯಬೇಕಾಯಿತು.

ಮೂರು ಗಂಟೆಗೆ ಸಾಹೇಬರು ಬಂದರು. ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಮುಖ ಗಂಟಿಕ್ಕಿತ್ತು. ಸುದ್ದಿ ಹಬ್ಬಿ ಇಪ್ಪತ್ತು ಮಂದಿ ನೇಕಾರರು ಕಿಟಕಿಗೆ ಜೋತುಬಿದ್ದಿದ್ದರು, ಅವರ ನಡುವೆ ಕೌಸರಳೂ ನಿಂತಿದ್ದಳು. ಸೇವ್ ತಂದ ಶಿವಬಸವ್ವ ಬಾಗಿಲಲ್ಲಿದ್ದಳು.

"ಪ್ರಭುಲಿಂಗಪ್ಪ, ಸೇವ್ ಮಾಡೀರೇನು?"

"ಮಾಡೇನ್ರಿ. ಎರಡ ಕಿಲೋ," ಎಂದರು ಪ್ರಭುಲಿಂಗಪ್ಪ, ಗದ್ದವನ್ನೂ ಬೆಳಕಿಗೆ ಹಿಡಿದು.

ರಮಜಾನಸಾಬ ಮೇಜಿನಲ್ಲಿಟ್ಟ ಸೇವಿನ ದೊಡ್ಡ ಪರಾತದ ಮೇಲಿನ ಬಟ್ಟೆ ಸರಿಸಿದ. ಸಾಹೇಬರು ಪರಾತ ನೋಡಿದರು, ಪ್ರಭುಲಿಂಗಪ್ಪನವರನ್ನು ನೋಡಿದರು, ಮತ್ತೆ ಪರಾತ ನೋಡಿದರು. ಶರತನಿಗೆ ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಜಾರಿದ. "ಸೇವ್ ಅಂದ್ರ ಕಂಪ್ಯೂಟರಾಗ ಉಳಸಿ ಇಡೂದು, ಪುಣ್ಯಾತ್ಮ," ಎಂದು ಸಾಹೇಬರು ಹಣೆ ಚಚ್ಚಿಕೊಳ್ಳುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಕಂಪ್ಯೂಟರಿನ ಕೆಳಗಿದ್ದ ಬ್ಯಾಟರಿ ಡಬ್ಬಿ ಸತ್ತು ತಿಂಗಳಾಗಿತ್ತು. ಪರದೆ ಕಪ್ಪಾಯಿತು.

ನಗು ನಿಂತಿತು. ಶರತ ಬೆಳಿಗ್ಗೆಯಿಂದ ಏರಿಸಿದ ಹೆಸರುಗಳನ್ನು ಅವಸರದ ಭರದಲ್ಲಿ ಒಮ್ಮೆಯೂ ಉಳಿಸಿರಲಿಲ್ಲ. ಅವನ ಮುಖವೂ ಪರದೆಯ ಬಣ್ಣಕ್ಕೆ ತಿರುಗಿತು.

"ಹೋತು. ಇಬ್ಬರದೂ ಹೋತು," ಎಂದು ಸಾಹೇಬರು ಕುಳಿತುಬಿಟ್ಟರು. ಕರೆಂಟು ಬರಲು ಮುಕ್ಕಾಲು ತಾಸು ಬೇಕು. ಮಧ್ಯಾಹ್ನದ ಊಟ ಆಗಿರಲಿಲ್ಲ, ಪರಾತ ಕೈಯಳತೆಯಲ್ಲೇ ಇತ್ತು. ಮೊದಲು ಒಂದು ಎಳೆ ಬಾಯಿಗೆ ಹಾಕಿಕೊಂಡರು. ಆಮೇಲೆ ಹಿಡಿಹಿಡಿಯಾಗಿ ಹೋಯಿತು. ಕೋಣೆಯಲ್ಲಿ ಸೇವಿನ ಕರುಂ ಕರುಂ ಒಂದೇ ಕೇಳುತ್ತಿತ್ತು.

ಕರೆಂಟು ಬಂದಿತು. ಶರತ ಹುಡುಕಿದ್ದೇ ಹುಡುಕಿದ್ದು, ಅವನ ಪಾಲಿನದು ಒಂದು ಹೆಸರೂ ಸಿಗಲಿಲ್ಲ. ಪ್ರಭುಲಿಂಗಪ್ಪ ಮೆಲ್ಲಗೆ ಮುಂದೆ ಬಂದರು.

"ಸಾಹೇಬ್ರ, ನಂದೂ ಒಮ್ಮೆ ನೋಡ್ಲೇನ್ರಿ? ಸೇವ್ ಅಂತೂ ಮಾಡಿಲ್ರಿ. ಬರೇ ಎತ್ತಿಟ್ಟೇನಿ."

ಲಾಳಿ ಓಡಿತು. ಪರದೆಯ ಮೇಲೆ ಇನ್ನೂರಾ ಆರು ಹೆಸರು ಹಾಸುಹೊಕ್ಕಾಗಿ ಬಿಚ್ಚಿಕೊಂಡವು. ಪ್ರತಿ ಹೆಸರಿನ ಮುಂದೆ ಮಗ್ಗದ ನಂಬರು, ನೇಯುವ ಸೀರೆಯ ದಡಿಯ ಹೆಸರು: ಗೋಮಿ, ಗಾಯತ್ರಿ, ಪರಾಸಪೇಟ. ಒಂದು ಎಳೆ ಕಡಿದಿರಲಿಲ್ಲ. ಕಿಟಕಿಯಲ್ಲಿದ್ದವರು "ನಂದ ಐತೇನ್ರಿ? ನಮ್ಮವ್ವಂದು?" ಎನ್ನತೊಡಗಿದರು. ಪ್ರಭುಲಿಂಗಪ್ಪ ಒಬ್ಬೊಬ್ಬರ ಹೆಸರನ್ನೂ ಕೇಳಿದ ಕ್ಷಣದಲ್ಲಿ ಹುಡುಕಿ ತೋರಿಸಿದರು. ತಮ್ಮ ಹೆಸರು ಅಷ್ಟು ಬೆಳ್ಳಗೆ ಹೊಳೆಯುವುದನ್ನು ಆ ಜನ ಹಿಂದೆಂದೂ ಕಂಡಿರಲಿಲ್ಲ. ಮುದುಕನೊಬ್ಬ ಕಿಟಕಿಯಿಂದಲೇ ಕೈ ಮುಗಿದ.

ಸಾಹೇಬರು ಬಾಯಲ್ಲಿದ್ದ ಸೇವ್ ಅಗಿಯುವುದನ್ನೂ ಮರೆತಿದ್ದರು. "ಎಲ್ಲಿ ಕಲತ್ರಿ?"

ಪ್ರಭುಲಿಂಗಪ್ಪ ಬಾಗಿಲಲ್ಲಿ ನಿಂತ ಹೆಂಡತಿಯನ್ನೊಮ್ಮೆ ನೋಡಿದರು. ಆದದ್ದಾಗಲಿ ಎಂದು ಹೇಳಿಯೇಬಿಟ್ಟರು. "ಕೌಸರ ಅಕ್ಕಾರ ಕಡೆ ಕಲತೀನ್ರಿ. ವಾಕಿಂಗ ಅಂತ ಹೇಳಿ ಹೋಗಿ. ಈ ವಯಸ್ಸಿನ್ಯಾಗ ನನಗ ಇಂಥಾ ಗುರು ಸಿಕ್ಕದ್ದು ನನ್ನ ಪುಣ್ಯ."

ಕೌಸರ ತಲೆ ತಗ್ಗಿಸಿ ಓಢಣಿಯಿಂದ ಕಣ್ಣೊರೆಸಿಕೊಂಡಳು. ಶಿವಬಸವ್ವ, "ಅದಕ್ಕ ಬೂಟ ಸವದಿಲ್ಲ," ಎಂದಳು. ಆದರೂ ಅವಳ ಮುಖ ಅಗಲವಾಗಿತ್ತು. ಗಂಡ ಗೆದ್ದಿದ್ದ, ಮಗ್ಗ ಉಳಿದಿತ್ತು.

ಸಾಹೇಬರು ಅಲ್ಲೇ ಕಾಗದ ತೆಗೆದು ಆದೇಶ ಬರೆದು ಸಹಿ ಹಾಕಿದರು. ರಮಜಾನಸಾಬ ಎಲ್ಲಿಂದಲೋ ಹಾರ ತಂದು ಪ್ರಭುಲಿಂಗಪ್ಪನವರ ಕೊರಳಿಗೆ ಹಾಕಿದ. ಚಪ್ಪಾಳೆಯ ನಡುವೆ ಅವರು ಕಾಗದ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಸಾಹೇಬ್ರ, ಇದ್ರಾಗ ನನ್ನ ಹೆಸರಿನ ಮುಂದ ಹೊಳೆಮಣ್ಣೂರ ಅಂತ ಐತಿ."

"ಹೌದು. ಅಲ್ಲೆ ಕಂಪ್ಯೂಟರ ಬಂದು ಮೂರ ತಿಂಗಳಾತು, ಡಬ್ಬಿ ಬಿಚ್ಚಾವ್ರಿಲ್ಲ. ಇಷ್ಟ ಚಂದ ಕೆಲಸಾ ಬರೂ ಮನಷ್ಯಾನ ಬಿಟ್ಟು ಮತ್ಯಾರ್ನ ಕಳಸ್ಲಿ?"

"ಮತ್ತ ಶರತ?"

"ಅವಂಗ ಏನೂ ಗೊತ್ತಿಲ್ಲ. ಇಲ್ಲೇ ಇದ್ದು ಕಲೀಲಿ."

"ಸುತ್ತೋಲಿಯಾಗ ಹಂಗಿರಲಿಲ್ರಿ."

"ಸುತ್ತೋಲಿ ಬರದಾಂವಾನೂ ನಾನ, ತಿದ್ದಾಂವಾನೂ ನಾನ. ಚಿಂತಿ ಮಾಡಬ್ಯಾಡ್ರಿ. ಅಲ್ಲೆ ಮಾಳಪ್ಪ ಅಂತ ಒಬ್ಬ ಗುಮಾಸ್ತ ಅದಾನ, ಅದ ಊರಾಂವ. ಅವಂಗ ಕಲಿಸಿದ ದಿನಾನ ನೀವು ತಿರಗಿ ಬರ್ರಿ."

ಪ್ರಭುಲಿಂಗಪ್ಪನವರಿಗೆ ಹೋದ ಜೀವ ಬಂದಂತಾಯಿತು. ಒಬ್ಬನಿಗೆ ಕಲಿಸುವುದೇನು ಮಹಾ? ತಾವು ಎರಡು ತಿಂಗಳಲ್ಲಿ ಕಲಿತರೆ ಮಾಳಪ್ಪ ಒಂದೇ ತಿಂಗಳಲ್ಲಿ ಕಲಿತಾನು. ಶಿವಬಸವ್ವನೂ, "ತಿಂಗಳ ತಾನ, ಹೋಗಿ ಬರ್ರಿ," ಎಂದಳು. ನೇಕಾರರು ಅವರನ್ನು ಓಣಿತುಂಬ ಮೆರೆಸಿದರು. ಉಳಿದ ಸೇವನ್ನು ಸಾಹೇಬರೇ ಕಾಗದದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು.

ಮೆರವಣಿಗೆ ಮುಗಿಸಿ ಹಾರದ ಸಮೇತ ಆಫೀಸಿಗೆ ಮರಳಿದಾಗ ಫೋನು ಬಡಿದುಕೊಳ್ಳುತ್ತಿತ್ತು. ಹೊಳೆಮಣ್ಣೂರಿನ ಮಾಳಪ್ಪನೇ ಮಾತಾಡಿದ.

"ನಮಸ್ಕಾರ್ರಿ. ಸುದ್ದಿ ಇಲ್ಲಿ ತನಕಾ ಬಂತು. ಭಾಳ ಸಂತೋಷ ಆತು."

"ಹೆದರಬ್ಯಾಡ ಮಾಳಪ್ಪ. ಒಂದ ತಿಂಗಳದಾಗ ನಿನಗ ಎಲ್ಲಾ ಕಲಿಸಿ ಬಿಡ್ತೀನಿ."

"ನಿಮ್ಮ ಕಡೆ ಆಗತೈತಿ ಬಿಡ್ರಿ. ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಏನೂ ಗೊತ್ತಿಲ್ಲದ ಹುಡುಗ ಊರಾಗ ಉಳದಾ. ಎಲ್ಲಾ ಗೊತ್ತಿದ್ದ ನೀವು ಊರ ಬಿಡಾಕತ್ತೀರಿ. ಖರೇ ಏನ್ರಿ?"

"ಖರೇನ," ಎಂದರು ಪ್ರಭುಲಿಂಗಪ್ಪ.

"ನಾ ಇದ ಊರಾಂವ್ರಿ. ಹೊಲಾ ಇಲ್ಲೇ, ಮನಿ ಇಲ್ಲೇ, ಎರಡ ಎಮ್ಮಿ ಇಲ್ಲೇ ಅದಾವು. ಇವನ್ನ ಬಿಟ್ಟು ನಾ ಎಲ್ಲಿಗೂ ಹೋಗಾಂವಲ್ಲ." ಆಮೇಲೆ ಮಾಳಪ್ಪ ಬಹಳ ಮರ್ಯಾದೆಯಿಂದ ಹೇಳಿದ, "ನೀವು ಬರೂ ಮುಂದ ಹಾಸಗಿ ದೊಡ್ಡದ ಕಟಗೊಂಡ ಬರ್ರಿ."